ಬೀಗವಿಲ್ಲದ ಸ್ವಿಚ್ಚು

ಗಾಳಿಮಳೆ ಬಂದು ಹೋದ ಮೂರನೆಯ ಬೆಳಿಗ್ಗೆ ಅದು. ಕಾಪುವಿನ ನಮ್ಮ ಸೆಕ್ಷನ್ ಆಫೀಸಿನಲ್ಲಿ ದೂರು ಬರೆಯುವ ಪುಸ್ತಕ ತುಂಬಿ, ಹಿಂದಿನ ರಟ್ಟಿನ ಮೇಲೂ ಪೆನ್ನಿನಲ್ಲಿ ಊರುಗಳ ಹೆಸರು ಬರೆದಿದ್ದರು. ನನಗೂ ನನ್ನ ಜೊತೆಗಾರರಿಗೂ ಸಿಕ್ಕಿದ್ದು ಹೊಳೆಬದಿಯ ಒಂದು ಕವಲು ಲೈನು. ಹನ್ನೊಂದು ಸಾವಿರ ವೋಲ್ಟಿನ ಮುಖ್ಯ ಲೈನಿನಿಂದ ಬೇರೆಯಾಗಿ, ಏಳು ಕಂಬ ದಾಟಿ ಒಂದು ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಅದರ ಮೂರನೇ ಕಂಬಕ್ಕೆ ತೆಂಗಿನಮರ ಒರಗಿ ಪಿಂಗಾಣಿಯ ಇನ್ಸುಲೇಟರ್ ಒಡೆದಿತ್ತು. ತಂತಿ ಕಂಬದ ಅಡ್ಡ ಕಬ್ಬಿಣಕ್ಕೆ ತಾಗಿಕೊಂಡಿತ್ತು.

ನಾನು ಖಾಯಂ ಪವರ್‌ಮ್ಯಾನ್, ಹುನಗುಂದ ಕಡೆಯವನು. ಜೊತೆಗಾರರು ಕಾರ್ಕಳದವರು, ನನಗಿಂತ ಹತ್ತು ವರ್ಷ ದೊಡ್ಡವರು, ಗುತ್ತಿಗೆಯ ಕೆಲಸ. ಅವರ ಹೆಂಡತಿಗೆ ಮಣಿಪಾಲದಲ್ಲಿ ಹಾಸ್ಟೆಲ್ ಅಡುಗೆಮನೆಯ ಕೆಲಸವಿದ್ದುದರಿಂದ ಪರ್ಕಳದಲ್ಲಿ ಬಾಡಿಗೆಗಿದ್ದರು. ದಿನಾ ಬೆಳಿಗ್ಗೆ ಅಲ್ಲಿಂದ ಬೈಕಿನಲ್ಲಿ ಕಾಪುವಿಗೆ ಬರುತ್ತಿದ್ದರು. ಕಂಬ ಹತ್ತುವುದನ್ನು ನನಗೆ ಕಲಿಸಿದ್ದು ತರಬೇತಿ ಕೇಂದ್ರ. ಈ ಉಪ್ಪುಗಾಳಿಯ ಊರಿನಲ್ಲಿ ಯಾವ ಕಂಬವನ್ನು ಹತ್ತಬಾರದು ಎಂದು ಕಲಿಸಿದ್ದು ಅವರು. ತುಳು ಕಲಿಸಿದ್ದೂ ಅವರೇ. ಊರು ಬಿಟ್ಟು ಬಂದ ಮೊದಲ ವರ್ಷ ಜ್ವರ ಬಂದು ಮಲಗಿದಾಗ ಪರ್ಕಳದಿಂದ ಗಂಜಿಯ ಡಬ್ಬಿ ತಂದುಕೊಟ್ಟವರೂ ಅವರೇ. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಆದರೆ ಪುಸ್ತಕದಲ್ಲಿ ಸಹಿ ಮಾತ್ರ ನನ್ನದಾಗಬೇಕು. ಅದು ನಿಯಮ.

ಆ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. ಲೈನ್ ಕ್ಲಿಯರ್ ಪುಸ್ತಕ ಎನ್ನುತ್ತೇವೆ. ಯಾವ ಲೈನು, ಯಾವ ಸ್ವಿಚ್ಚು ತೆರೆದದ್ದು, ಎಷ್ಟು ಗಂಟೆಗೆ, ಸ್ವಿಚ್ಚಿಗೆ ಬೀಗ ಹಾಕಿದೆಯೇ, ಲೈನನ್ನು ಸರಪಳಿಯಿಂದ ನೆಲಕ್ಕೆ ಜೋಡಿಸಿ ಅರ್ಥ್ ಮಾಡಿದೆಯೇ, ಎಲ್ಲಕ್ಕೂ ಒಂದೊಂದು ಕಾಲಂ. ಮೇಲೆ ಹತ್ತಿದವನ ಜೀವ ಆ ಕಾಲಂಗಳಲ್ಲಿದೆ. ಕವಲು ಲೈನಿನ ಮೊದಲ ಕಂಬದಲ್ಲಿ, ಎದೆಯ ಎತ್ತರಕ್ಕೆ, ಕಬ್ಬಿಣದ ಒಂದು ಹಿಡಿ ಇರುತ್ತದೆ. ಕೆಳಗೆ ಎಳೆದರೆ ಕಂಬದ ತುದಿಯ ಸ್ವಿಚ್ಚು ತೆರೆದು ಕರೆಂಟು ನಿಲ್ಲುತ್ತದೆ, ಮೇಲೆ ತಳ್ಳಿದರೆ ಹರಿಯುತ್ತದೆ. ಎಳೆದ ಮೇಲೆ ಬೀಗ ಹಾಕಬೇಕು. ಆ ಕಂಬದಲ್ಲಿ ಬೀಗ ಹಾಕುವ ಕೊಂಡಿ ತುಕ್ಕು ತಿಂದು ಉದುರಿ ಹೋಗಿ ಒಂದು ವರ್ಷವಾಗಿತ್ತು. ನೆಲಕ್ಕೆ ಜೋಡಿಸುವ ಸರಪಳಿ ಇದ್ದದ್ದು ಒಂದೇ. ಅಂದು ಅದು ಇನ್ನೊಂದು ತಂಡದ ಜೀಪಿನಲ್ಲಿ ಹೋಗಿತ್ತು.

ನಾನು ಹಿಡಿ ಎಳೆದೆ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಹೇಳಿದೆ. ಪುಸ್ತಕ ತೆರೆದು, ಅಂಗಿಯಡಿ ಮಳೆ ತಪ್ಪಿಸುತ್ತಾ, ಎಲ್ಲ ಕಾಲಂಗಳಿಗೂ ಸರಸರನೆ ಗೀಟು ಹಾಕಿದೆ. ಬೀಗ ಹಾಕಿದೆ: ಹೌದು. ಎಷ್ಟೋ ದಿನಗಳಿಂದ ಹಾಗೆಯೇ ಬರೆದು ರೂಢಿಯಾಗಿತ್ತು.

"ಬೀಗ ಇಲ್ಲ, ಸರಪಳಿಯೂ ಇಲ್ಲ," ಎಂದರು ಅಣ್ಣ, ಬೆಲ್ಟ್ ಬಿಗಿಯುತ್ತಾ. "ನೀನು ಇಲ್ಲಿಂದ ಅಲುಗಬೇಡ ಮಾರಾಯ. ಒಂದು ಅರ್ಧ ಗಂಟೆಯ ಕೆಲಸ ಉಂಟು."

ಅವರು ಮೂರನೇ ಕಂಬಕ್ಕೆ ಹೋದರು. ನಾನು ಹಿಡಿಯ ಪಕ್ಕದಲ್ಲಿ ನಿಂತೆ.

ಹತ್ತು ನಿಮಿಷ ಆಗಿರಬೇಕು. ಹೊಳೆಯ ಕಡೆಯಿಂದ ಒಬ್ಬರು ಮೊಣಕಾಲಿನವರೆಗೆ ಕೆಸರಾಗಿ, ಓಡುತ್ತಲೇ ಬಂದರು. ಗುರುತಿನವರೇ. ಅಲ್ಲಿ ಸಿಗಡಿ ಕೆರೆ ಇಟ್ಟಿದ್ದರು. ಕೆರೆಯ ನೀರನ್ನು ಕಡೆಯುವ ಗಾಲಿಗಳು ನಿಂತರೆ ನೀರಿನಲ್ಲಿ ಗಾಳಿ ಕಡಿಮೆಯಾಗಿ ಸಿಗಡಿ ಸಾಯುತ್ತದೆ. ಅವರ ಜನರೇಟರ್ ಎರಡು ರಾತ್ರಿ ಓಡಿ ಬೆಳಗಿನ ಜಾವ ಕೆಟ್ಟಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ನಿದ್ದೆಯಿಲ್ಲದ ಕೆಂಪು ಕಣ್ಣು.

"ಕರೆಂಟು ಹಾಕಿ."

"ಮೇಲೆ ಜನ ಇದ್ದಾರೆ. ಅರ್ಧ ಗಂಟೆ ಕೊಡಿ."

"ಮೂರು ದಿನದಿಂದ ನಿಮ್ಮದು ಅರ್ಧ ಗಂಟೆಯೇ! ಸಿಗಡಿ ಎಲ್ಲ ಮೇಲೆ ಬಂದು ಬಾಯಿ ಬಿಡುತ್ತಾ ಉಂಟು. ಹತ್ತು ನಿಮಿಷ ಕರೆಂಟು ಕೊಟ್ಟು ಮತ್ತೆ ತೆಗೆಯಿರಿ."

"ಆಗುವುದಿಲ್ಲ. ಅಲ್ಲಿ ನೋಡಿ, ಮೂರನೇ ಕಂಬ."

ಅವರು ನೋಡಲಿಲ್ಲ. ಹಿಡಿಗೆ ಕೈ ಹಾಕಿದರು. ನಾನು ಎರಡೂ ಕೈಯಿಂದ ಅದನ್ನು ಕೆಳಗೆ ಜಗ್ಗಿ ಹಿಡಿದೆ. ಅವರು ನನ್ನ ಹೆಲ್ಮೆಟ್ ಕಿತ್ತು ಅದರಿಂದಲೇ ತಲೆಗೆ ಹೊಡೆದರು, ಕಿವಿಯ ಮೇಲೆ ಹೊಡೆದರು. ಬಲಗೈಯನ್ನು ಹಿಡಿಯಿಂದ ಬಿಡಿಸಿ ಬೆನ್ನ ಹಿಂದಕ್ಕೆ ತಿರುಚಿದರು. ಭುಜದೊಳಗೆ ಏನೋ ಕಳಚಿದ ಸದ್ದು ನನಗೇ ಕೇಳಿಸಿತು. ಎಡಗೈ ಒಂದೇ ಉಳಿಯಿತು. ಮೊಣಕೈಯನ್ನು ಹಿಡಿಯ ಮೇಲಿಂದ ಹಾಯಿಸಿ, ಇಡೀ ಮೈಯ ಭಾರ ಬಿಟ್ಟು ಅದಕ್ಕೆ ಜೋತುಬಿದ್ದೆ. ಬಾಯಲ್ಲಿ ಬಂದದ್ದು ಒಂದೇ ಮಾತು. "ಅಣ್ಣಾ, ಇಳಿ! ಇಳಿ!"

ಅಣ್ಣ ಇಳಿದದ್ದನ್ನು ನಾನು ನೋಡಲಿಲ್ಲ. ಓಡಿ ಬಂದು ಹಿಂದಿನಿಂದ ಕೆರೆಯವರ ಸೊಂಟ ಹಿಡಿದು ಎಳೆದದ್ದು ಗೊತ್ತಾಯಿತು. ಕೆರೆಯವರ ಮೊಣಕೈ ಬಡಿದು ಅಣ್ಣನ ತುಟಿ ಒಡೆಯಿತು. ಇಬ್ಬರೂ ಕೆಸರಿಗೆ ಬಿದ್ದರು. ಬೀಳುವಾಗ ಕೆರೆಯವರ ಹಣೆ ಕಂಬದ ಕಬ್ಬಿಣದ ಪಟ್ಟಿಗೆ ತಾಗಿ ರಕ್ತ ಬಂತು. ರಕ್ತ ನೋಡಿದ ಮೇಲೆ ಹೊಡೆದಾಟ ನಿಂತಿತು. ಕೆರೆಯವರು ಕೆಸರಿನಲ್ಲೇ ಕುಳಿತು ಅಳಲು ಶುರು ಮಾಡಿದರು. ನನಗೆ ಈಗಲೂ ನೆನಪಿರುವುದು ಆ ಅಳು.

ಉಡುಪಿಯ ಆಸ್ಪತ್ರೆಯಲ್ಲಿ ಭುಜ ಕೂರಿಸಿದರು. ಒಳಗಿನ ಸ್ನಾಯು ಹರಿದಿದೆ, ಮೂರು ತಿಂಗಳು ಬೇಕು, ಆಮೇಲೂ ಕೈ ಪೂರ್ತಿ ಮೇಲೆ ಹೋಗುವುದು ಕಷ್ಟ ಎಂದರು. ಅಣ್ಣನ ತುಟಿಗೆ ಎರಡು ಹೊಲಿಗೆ. ಸಂಜೆ ಠಾಣೆಯಿಂದ ಎಸ್‌ಐ ಬಂದು ಹಾಸಿಗೆಯ ಪಕ್ಕ ಕುಳಿತು ಹೇಳಿಕೆ ಬರೆದುಕೊಂಡರು. ಮಾತು ಕಡಿಮೆಯ ಮನುಷ್ಯ.

"ನೀವು ಕಂಪೆನಿಯ ಖಾಯಂ ನೌಕರ. ಕಂಪೆನಿ ಸರ್ಕಾರದ್ದು. ಆದ್ದರಿಂದ ಕಾನೂನಿನ ಪ್ರಕಾರ ನೀವು ಸರ್ಕಾರಿ ಸೇವಕ," ಎಂದರು. "ಕರ್ತವ್ಯಕ್ಕೆ ಅಡ್ಡಿ ಮಾಡಿ ಹಲ್ಲೆ ಮಾಡಿದ್ದಕ್ಕೆ ನ್ಯಾಯ ಸಂಹಿತೆಯ ನೂರ ಮೂವತ್ತೆರಡನೇ ಕಲಂ. ಗಾಯ ಮಾಡಿದ್ದಕ್ಕೆ ನೂರ ಇಪ್ಪತ್ತೊಂದು. ಎರಡೂ ರಾಜಿಯಲ್ಲಿ ಮುಗಿಯುವಂಥದ್ದಲ್ಲ."

"ಅಣ್ಣನಿಗೆ?"

"ಅವರು ಗುತ್ತಿಗೆದಾರನ ಜನ ಅಲ್ವಾ? ಅವರಿಗೆ ಆ ಕಲಂ ಹಾಕಿದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಅವರದ್ದು ಸಾಮಾನ್ಯ ಹೊಡೆದಾಟ ಎಂದು ಬರೆಯುತ್ತೇನೆ. ನಿಮ್ಮ ಕೇಸಿಗೆ ಎರಡನೇ ಸಾಕ್ಷಿ."

ಅಣ್ಣ ಮಂಚದ ತುದಿಯಲ್ಲೇ ಇದ್ದರು. ಹೊಲಿಗೆ ಹಾಕಿದ ತುಟಿಯಲ್ಲಿ ನಗಲು ಆಗುತ್ತಿರಲಿಲ್ಲ. "ಹೋಗಲಿ ಬಿಡಿ ಸರ್. ಕರೆಂಟಿಗೆ ಖಾಯಂ, ಗುತ್ತಿಗೆ ಗೊತ್ತಾಗುವುದಿಲ್ಲ. ನಿಮಗೆ ಮಾತ್ರ ಗೊತ್ತಾಗುವುದು," ಎಂದರು. ಎಸ್‌ಐ ತಲೆಯೆತ್ತಿ ಒಮ್ಮೆ ಅವರನ್ನು ನೋಡಿ ಬರವಣಿಗೆ ಮುಂದುವರಿಸಿದರು.

ಮೂರನೇ ದಿನ ಎದುರು ಕೇಸು ಬಂತು. ಅವರ ದೂರಿನಲ್ಲಿದ್ದದ್ದು ಹೀಗೆ: ಕೆರೆಯವರು ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಕರೆಂಟು ಯಾವಾಗ ಎಂದು ಕೇಳಲು ಹೋದಾಗ ಕೆಲಸದವರು ಬಾಯಿಗೆ ಬಂದಂತೆ ಬೈದರು. ಗುತ್ತಿಗೆಯವನು ಕಟಿಂಗ್ ಪ್ಲೇಯರಿನಿಂದ ಹಣೆಗೆ ಹೊಡೆದ. ಹಣೆಯಲ್ಲಿ ಗಾಯವಂತೂ ಇತ್ತು. ಎಫ್‌ಐಆರ್ ಆಯಿತು, ಅಣ್ಣ ಆರೋಪಿ.

ನಾನು ಅಂದುಕೊಂಡದ್ದು ಎಸ್‌ಐ ಸ್ಥಳಕ್ಕೆ ಹೋದರೆ ನಿಜ ಗೊತ್ತಾಗುತ್ತದೆ ಎಂದು. ಹೋದದ್ದೇ ತೊಂದರೆಯಾಯಿತು. ಘಟನೆಯ ಮರುದಿನವೇ ನಮ್ಮ ಸೆಕ್ಷನ್ ಆಫೀಸರ್ ಮೇಡಂ ಹೆದರಿ ಆ ಹಿಡಿಗೆ ಹೊಸ ಕೊಂಡಿ ಬೆಸೆಯಿಸಿ ಹೊಸ ಬೀಗ ಹಾಕಿಸಿದ್ದರು. ಮಹಜರಿನಲ್ಲಿ ಬರೆದದ್ದು: ಸ್ವಿಚ್ಚಿನ ಹಿಡಿಗೆ ಬೀಗ ಇದೆ. ಲೈನ್ ಕ್ಲಿಯರ್ ಪುಸ್ತಕ ತರಿಸಿ ನೋಡಿದರೆ ನನ್ನ ಸಹಿಯ ಮೇಲೆ ನನ್ನದೇ ಗೀಟು: ಬೀಗ ಹಾಕಿದೆ, ಹೌದು. ಬೀಗ ಹಾಕಿದ ಹಿಡಿಯನ್ನು ಒಬ್ಬ ಮನುಷ್ಯ ಮೇಲೆ ತಳ್ಳುವುದು ಹೇಗೆ? ಅಂದಮೇಲೆ ನಾನು ಹೇಳಿದ ಕಥೆ ಸುಳ್ಳು. ಜಗಳ ಬೇರೆ ಯಾವುದಕ್ಕೋ ಆಗಿದೆ.

ಇದು ನನಗೆ ಅರ್ಥವಾಗುವ ಹೊತ್ತಿಗೆ ಅಣ್ಣ ಇನ್ನೊಂದು ವಿಷಯ ಹೇಳಿದರು. ಕಾಪುವಿನ ನನ್ನ ಕೋಣೆಗೆ ಸಂಜೆ ಮೀನು ಸಾರು ತಂದಿದ್ದರು. ನನಗೆ ಎಡಗೈಯಲ್ಲಿ ಉಣ್ಣಲು ಬರುತ್ತಿರಲಿಲ್ಲ, ಚಮಚ ಹುಡುಕಿಕೊಟ್ಟು ಎದುರು ಕುಳಿತರು.

"ಕತಾರಿಗೆ ವೀಸಾ ಬಂದಿದೆ. ಎಲೆಕ್ಟ್ರಿಷಿಯನ್. ಭಾವ ಅಲ್ಲೇ ಇದ್ದಾನಲ್ಲ, ಅವನು ಮಾಡಿಸಿದ್ದು."

"ಯಾವಾಗ ಹಾಕಿದ್ದು ಅಣ್ಣ?"

"ಮಳೆಗಾಲಕ್ಕೆ ಮೊದಲೇ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಎಂತ ಹೇಳುತ್ತಿ ಅಂತ ಗೊತ್ತಿತ್ತು." ನನ್ನ ತಟ್ಟೆಗೆ ಸಾರು ಬಡಿಸುತ್ತಾ, "ಪೊಲೀಸರ ಒಂದು ಕಾಗದ ಬೇಕು, ನನ್ನ ಮೇಲೆ ಕೇಸು ಇಲ್ಲ ಅಂತ. ಈಗ ಕೇಸು ಉಂಟಲ್ಲ," ಎಂದರು.

ಆ ಸಂಜೆ ನನ್ನ ಮನಸ್ಸಿಗೆ ಬಂದದ್ದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಕೇಸು ಹೀಗೆಯೇ ಉಳಿದರೆ ಅಣ್ಣ ಉಳಿಯುತ್ತಾರೆ. ಮತ್ತೆ ಬೆಳಿಗ್ಗೆ ಪರ್ಕಳದಿಂದ ಬೈಕು ಬರುತ್ತದೆ. ಕಂಬದ ತುದಿಯಿಂದ ಸಮುದ್ರ ನೋಡುತ್ತಾ, ಇವತ್ತು ಯಾವ ಬೋಟು ಮೊದಲು ಬರುತ್ತಾ ಉಂಟು ಎಂದು ಅವರು ಕೂಗುತ್ತಾರೆ; ನಾನು ಕೆಳಗಿನಿಂದ ಉತ್ತರಿಸುತ್ತೇನೆ. ನಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಮೀನಿನ ಮುಳ್ಳು ಬಿಡಿಸಲಾಗದೆ ಪರದಾಡುತ್ತಿದ್ದೆ. ಅವರು ತಟ್ಟೆ ಎಳೆದುಕೊಂಡು ಮುಳ್ಳು ತೆಗೆದು ಮತ್ತೆ ನನ್ನ ಮುಂದೆ ತಳ್ಳಿದರು. ನನ್ನ ಯೋಚನೆ ನನಗೇ ಅಸಹ್ಯವಾಯಿತು.

ವಾರದೊಳಗೆ ಕೆರೆಯವರ ಅಣ್ಣ ನನ್ನ ಕೋಣೆಗೆ ಬಂದರು. ಹಿರಿಯರು, ಬಿಳಿ ಪಂಚೆ, ಮಾತಿನಲ್ಲಿ ಮರ್ಯಾದೆ. "ತಮ್ಮನದ್ದು ತಪ್ಪೇ. ಅಷ್ಟೂ ಸಿಗಡಿ ಹೋಯಿತು, ಅವನಿಗೆ ಅವತ್ತು ಬುದ್ಧಿ ನೆಟ್ಟಗಿರಲಿಲ್ಲ. ನಿಮ್ಮ ಕೇಸು ಹಿಂದೆ ತೆಗೆಯಲಿಕ್ಕೆ ಆಗುವುದಿಲ್ಲ ಅಂತ ಗೊತ್ತುಂಟು. ಕೋರ್ಟಿನಲ್ಲಿ ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿದರೆ ಸಾಕು. ಯಾರು ಎಂತ ಮಾಡಿದರು ಸರಿಯಾಗಿ ನೆನಪಿಲ್ಲ ಅಂತ. ನಿಮ್ಮ ಜೊತೆಯವನ ಮೇಲಿನ ದೂರು ನಾವು ನಾಳೆಯೇ ಮುಗಿಸುತ್ತೇವೆ."

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವರು, "ನನಗೆ ಆ ಕಾಗದ ಒಂದು ಸಿಕ್ಕಿದರೆ ಸಾಕು. ಆದರೆ ಭುಜ ನಿನ್ನದು. ನಾನು ಹೇಳುವುದಿಲ್ಲ," ಎಂದರು.

ರಾಜಿಗೆ ಒಪ್ಪಿದರೆ ನೆನಪಿಲ್ಲ ಎಂದು ಸುಳ್ಳು ಹೇಳಬೇಕು. ಒಪ್ಪದಿದ್ದರೆ, ಪುಸ್ತಕದಲ್ಲಿ ಆಗಲೇ ಹೇಳಿಬಿಟ್ಟ ಸುಳ್ಳನ್ನು ಸುಳ್ಳು ಎಂದು ಒಪ್ಪಿಕೊಳ್ಳಬೇಕು. ಎರಡು ದಿನ ಅದನ್ನೇ ಯೋಚಿಸಿದೆ. ಮಧ್ಯೆ ಒಮ್ಮೆ ಬಸ್ಸು ಹತ್ತಿ ಹೊಳೆಬದಿಗೆ ಹೋಗಿ ಆ ಕಂಬದ ಕೆಳಗೆ ನಿಂತು ಬಂದೆ. ಕೆರೆ ಖಾಲಿಯಾಗಿತ್ತು, ಗಾಲಿಗಳನ್ನು ಎತ್ತಿ ದಂಡೆಯಲ್ಲಿ ಕವುಚಿ ಹಾಕಿದ್ದರು. ಹೊಸ ಬೀಗ ಹೊಳೆಯುತ್ತಿತ್ತು.

ಮೊದಲು ಮೇಡಂ ಹತ್ತಿರ ಹೋದೆ. ಅವರು ಬಾಗಿಲು ಅರ್ಧ ಮುಚ್ಚಿಸಿ ಕೇಳಿದರು.

"ಪುಸ್ತಕದಲ್ಲಿ ಸುಳ್ಳು ಬರೆದೆ ಅಂತ ನೀನೇ ಪೊಲೀಸರಿಗೆ ಹೇಳುತ್ತೀಯಾ? ಮೆಮೊ ಬರುತ್ತದೆ. ಇಲಾಖಾ ವಿಚಾರಣೆ ಆಗುತ್ತದೆ. ಮೇಲಿನ ಹುದ್ದೆಯ ಪಟ್ಟಿಯಲ್ಲಿ ಈ ವರ್ಷ ನಿನ್ನ ಹೆಸರು ಉಂಟು, ಗೊತ್ತಲ್ಲ?"

"ಗೊತ್ತು ಮೇಡಂ. ಬೀಗ ಹೊಸದಾಗಿ ಹಾಕಿದ್ದು ಅಂತ ನೀವೂ ಬರೆದುಕೊಡಬೇಕು."

ಅವರು ಎದ್ದು ಕಡತದ ಕಪಾಟು ತೆರೆದರು. ಈ ಬೀಗಗಳಿಗಾಗಿ ಅವರು ಎರಡು ಸಲ ಮೇಲಿನ ಕಚೇರಿಗೆ ಬರೆದಿದ್ದರು. ಎರಡು ಸಲವೂ ಉತ್ತರ ಬಂದಿರಲಿಲ್ಲ. ಆ ಎರಡು ಪತ್ರಗಳ ಪ್ರತಿ ಹುಡುಕಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ಕೊಂಡಿ ಬೆಸೆದವನ ಬಿಲ್ಲನ್ನೂ ಸೇರಿಸಿ, ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಮುದ್ರೆ ಒತ್ತಿ ಕೊಟ್ಟರು.

ಎಸ್‌ಐ ನನ್ನ ಎರಡನೇ ಹೇಳಿಕೆ ಬರೆದುಕೊಂಡರು. ಎಲ್ಲವನ್ನೂ ಹೇಳಿದೆ. ಬೀಗ ಇರಲಿಲ್ಲ. ಸರಪಳಿ ಇರಲಿಲ್ಲ. ಇದೆ ಎಂದು ಬರೆದದ್ದು ನಾನು. ಬೀಗ ಇಲ್ಲದ್ದಕ್ಕೇ ಹಿಡಿಯ ಪಕ್ಕ ಮನುಷ್ಯನನ್ನು ನಿಲ್ಲಿಸಬೇಕಾಯಿತು. ಆ ಮನುಷ್ಯ ನಾನು. ಅವರು ಪೆನ್ನು ನಿಲ್ಲಿಸಿ ಕೇಳಿದರು, "ಇದರಿಂದ ನಿಮ್ಮ ಕೇಸಿಗೂ ಪೆಟ್ಟು ಬೀಳಬಹುದು. ಗೊತ್ತುಂಟಾ? ಆ ಕಡೆಯ ವಕೀಲರು ಬಿಡುವುದಿಲ್ಲ."

"ಬೀಳಲಿ ಸರ್."

ಹಳೆಯ ಕೊಂಡಿಯ ತುಕ್ಕು ಹಿಡಿದ ತುಂಡುಗಳು ಕಂಬದ ಬುಡದ ಹುಲ್ಲಿನಲ್ಲೇ ಸಿಕ್ಕಿದವು. ಕಂಬದ ಎದುರಿನ ಮನೆಯ ಜಗಲಿಯಲ್ಲಿ ಅಂದು ಬೀಡಿ ಕಟ್ಟುತ್ತಾ ಕುಳಿತಿದ್ದ ಹೆಂಗಸು, ಅಷ್ಟು ದಿನ ನಾನೇನೂ ನೋಡಿಲ್ಲ ಎನ್ನುತ್ತಿದ್ದವರು, ಎಸ್‌ಐ ಎರಡನೇ ಸಲ ಹೋದಾಗ ಬಾಯಿಬಿಟ್ಟರು. "ಮೇಲಿದ್ದವನು ಇಳಿದು ಬರುವಾಗ ಅವನ ಕೈ ಖಾಲಿ ಇತ್ತು. ಪ್ಲೇಯರು ಮೇಲಿಂದ ಮೊದಲೇ ಬಿದ್ದಿತ್ತು. ಕೆರೆಯವನು ಬೀಳುವಾಗ ಹಣೆ ಕಂಬಕ್ಕೆ ತಾಗಿದ್ದು," ಎಂದರಂತೆ. ಪ್ಲೇಯರು ಮೂರನೇ ಕಂಬದ ಕೆಳಗೆ ಕೆಸರಿನಲ್ಲಿ ಹೂತಿತ್ತು. ಆರು ವಾರದ ನಂತರ ಅಣ್ಣನ ಮೇಲಿನ ಕೇಸು ಸುಳ್ಳು ಎಂದು ಬಿ ರಿಪೋರ್ಟ್ ಹೋಯಿತು. ಕೋರ್ಟು ಅದನ್ನು ಒಪ್ಪಿತು. ಅಣ್ಣನಿಗೆ ಕಾಗದ ಸಿಕ್ಕಿತು. ನನಗೆ ಮೆಮೊ ಬಂತು, ಎಚ್ಚರಿಕೆ ಪತ್ರ ಬಂತು, ಮೇಲಿನ ಹುದ್ದೆಯ ಪಟ್ಟಿಯಿಂದ ಹೆಸರು ಹೋಯಿತು.

ಅವರು ಹೋಗುವ ದಿನ ಪರ್ಕಳದ ಮನೆಯಿಂದಲೇ ಕಾರು ಹೊರಟಿತು. ಹೆಂಡತಿ ಕಾರ್ಕಳದ ಅಮ್ಮನ ಮನೆಗೆ ಹೋಗುವವರು, ಮಣಿಪಾಲದ ಕೆಲಸಕ್ಕೆ ಇನ್ನು ಅಲ್ಲಿಂದಲೇ ಬಸ್ಸು. ಅಣ್ಣ ತಾವು ಕಂಬ ಹತ್ತುವಾಗ ಕಟ್ಟುತ್ತಿದ್ದ ಬೆಲ್ಟು ತಂದು ನನಗೆ ಕೊಡಲು ಬಂದರು. ನನ್ನ ಭುಜ ನೋಡಿ ಕೈ ಹಿಂದೆ ತೆಗೆದುಕೊಂಡರು. ಇನ್ನು ನಾನು ಕಂಬ ಹತ್ತುವವನಲ್ಲ ಎಂದು ಇಬ್ಬರಿಗೂ ಅದೇ ಕ್ಷಣ ನೆನಪಾಯಿತು. "ಹೊಸಬರಿಗೆ ಯಾರಿಗಾದರೂ ಕೊಡು," ಎಂದು ಕೊನೆಗೆ ನನ್ನ ಎಡಗೈಯಲ್ಲೇ ಇಟ್ಟರು. ಇನ್ನೂ ಯಾರಿಗೂ ಕೊಟ್ಟಿಲ್ಲ.

ಈಗ ನನ್ನ ಕೆಲಸ ದೂರಿನ ಫೋನು. ಹುಬ್ಬಳ್ಳಿ, ಬಾಗಲಕೋಟೆ ಕಡೆಯ ಹುಡುಗರು ಹೊಸದಾಗಿ ಬಂದಿದ್ದಾರೆ; ಯಾವ ಕಂಬ ಹತ್ತಬಾರದು ಎಂದು ಬಾಯಲ್ಲಿ ಹೇಳಿಕೊಡುತ್ತೇನೆ. ಹೇಳುವುದೂ ಕೈಯಲ್ಲಿ ಮುಟ್ಟಿ ತೋರಿಸುವುದೂ ಒಂದೇ ಅಲ್ಲ. ಫೋನಿನಲ್ಲಿ ಜನ ಬೈಯುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ. ಬಿಸಿಲಿನ ದಿನ ಲೈನಿನವರು ಮೇಲಿನಿಂದ ಕೂಗುವ ಸದ್ದು ಕಿಟಕಿಯಿಂದ ಕೇಳಿದರೆ ಪೆನ್ನು ಕೆಳಗಿಟ್ಟು ಹೊರಗೆ ಬರುತ್ತೇನೆ. ಕೆಳಗಿನಿಂದ ಕಂಬ ಮಾತ್ರ ಕಾಣುತ್ತದೆ, ಸಮುದ್ರ ಕಾಣುವುದಿಲ್ಲ.

ಮುಂದಿನ ಮಳೆಗಾಲ ಕಳೆದ ಮೇಲೆ ಉಡುಪಿಯ ನ್ಯಾಯಾಲಯದಲ್ಲಿ ನನ್ನ ಸಾಕ್ಷಿ ಬಂತು. ಕೆರೆಯವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ತೆಳ್ಳಗಾಗಿದ್ದರು. ಅವರ ವಕೀಲರು ಬೀಗದ ಕಾಲಂ ಹಿಡಿದು ಒಂದು ಗಂಟೆ ಕೇಳಿದರು.

"ಪುಸ್ತಕದಲ್ಲಿ ಸುಳ್ಳು ಬರೆದದ್ದು ನೀವೇ?"

"ಹೌದು."

"ನಿಮ್ಮ ಇಲಾಖೆ ಬೀಗ ಹಾಕಿದ್ದರೆ ಈ ಘಟನೆಯೇ ಆಗುತ್ತಿರಲಿಲ್ಲ?"

"ಹೌದು, ಆಗುತ್ತಿರಲಿಲ್ಲ."

"ನೀವು ಹಿಡಿ ಬಿಟ್ಟಿದ್ದರೆ ನಿಮಗೆ ಗಾಯವೂ ಆಗುತ್ತಿರಲಿಲ್ಲ ಅಲ್ಲವೇ?"

"ಇಲ್ಲ. ಆಗುತ್ತಿರಲಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮತ್ತೆ ಯಾಕೆ ಬಿಡಲಿಲ್ಲ?"

"ಅಣ್ಣ ಮೇಲಿದ್ದರು," ಎಂದೆ.

ಅವರು ಟೈಪ್ ಮಾಡುವವರ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ಎರಡನೇ ಸಾಕ್ಷಿದಾರರು ಕಂಬದ ಮೇಲೆ ಕೆಲಸ ನಿರ್ವಹಿಸುತ್ತಿದ್ದ ಕಾರಣ ನಾನು ಹಿಡಿಯನ್ನು ಬಿಡಲಿಲ್ಲ." ಹಾಳೆ ಹೊರಗೆ ಬಂತು. ಓದಿ, ಎಡಗೈಯಿಂದ ಬಲಗೈಯನ್ನು ಮೇಜಿಗೆ ಎತ್ತಿಟ್ಟು ಸಹಿ ಮಾಡಿದೆ.

ಹೊರಗೆ ಮರದ ಕೆಳಗೆ ನಿಂತು ಕತಾರಿಗೆ ಫೋನ್ ಮಾಡಿದೆ. ಅಲ್ಲಿ ಊಟದ ಬಿಡುವು ಇರಬೇಕು, ತಟ್ಟೆಗಳ ಸದ್ದು ಕೇಳುತ್ತಿತ್ತು.

"ಮುಗಿಯಿತಾ? ಎಂತ ಕೇಳಿದರು?"

ಎಲ್ಲ ಹೇಳಿದೆ. ಕೊನೆಯ ಪ್ರಶ್ನೆಯನ್ನೂ, ನನ್ನ ಉತ್ತರವನ್ನೂ. ಅವರು ಎದ್ದು ಹೊರಗೆ ಬಂದಿರಬೇಕು, ತಟ್ಟೆಗಳ ಸದ್ದು ದೂರವಾಯಿತು. ಆಮೇಲೆ, "ಮತ್ತೆ ನನ್ನ ಸಾಕ್ಷಿ ಯಾವಾಗ?" ಎಂದರು.

"ನಿಮ್ಮದು ವಿಡಿಯೋದಲ್ಲೇ ಮುಗಿಸಬಹುದು ಅಂತ ಸರ್ಕಾರಿ ವಕೀಲರು ಹೇಳಿದರು. ನೀವು ಬರಬೇಕಾಗಿಲ್ಲವಂತೆ."

"ಹೌದಾ. ಅಲ್ಲ ಮಾರಾಯ, ಕೋರ್ಟಿನಿಂದ ಸಮನ್ಸ್ ಅಂತ ಒಂದು ಕಾಗದ ಬಂದರೆ ಇಲ್ಲಿ ಕಂಪೆನಿಯವರು ರಜೆ ಕೊಡುತ್ತಾರೆ. ಇಲ್ಲದಿದ್ದರೆ ಎರಡು ವರ್ಷ ಕಾಯಬೇಕು. ಒಂದು ವಾರ ಆದರೂ ಸಾಕಿತ್ತು. ಅವರು ನನ್ನನ್ನು ಅಲ್ಲಿಗೇ ಕರೆಯುವುದಿಲ್ಲವಾ?"

ಕರೆಯುತ್ತಾರೆ ಎಂದುಬಿಡಬಹುದಿತ್ತು. "ಗೊತ್ತಿಲ್ಲ ಅಣ್ಣ," ಎಂದೆ. "ಫೋನ್ ಇಡಬೇಡಿ. ಕೇಳಿ ಬರುತ್ತೇನೆ."

ಸರ್ಕಾರಿ ವಕೀಲರು ಮೊದಲ ಮಹಡಿಯಲ್ಲಿ ಕಡತ ಕಟ್ಟಿಕೊಂಡು ಊಟಕ್ಕೆ ಹೊರಡುತ್ತಿದ್ದರು. ಫೋನನ್ನು ಅಂಗಿಯ ಜೇಬಿನಲ್ಲಿ ಹಾಗೆಯೇ ಇಟ್ಟುಕೊಂಡು ನಾನು ಮೆಟ್ಟಿಲು ಹತ್ತಿದೆ.